ಬಾಗಿಲು ‘ಧಪ್’ ಅಂದರೆ ಕಾರು ಶಾಂತವೇ? ಕುಟುಂಬದ ಐಷಾರಾಮಿ ಎಸ್‌ಯುವಿ ಆಯ್ಕೆಯ ಹಿಂದಿನ ವಿಜ್ಞಾನ

ಹೀಗೊಂದು ಕುಟುಂಬ ಇದೆ ಎಂದುಕೊಳ್ಳೋಣ. ಮನೆ ಮತ್ತು ಅಂಗಡಿ ವಿಜಯಪುರ ನಗರದಲ್ಲಿ, ದ್ರಾಕ್ಷಿ ತೋಟ ತಿಕೋಟಾ ಕಡೆ, ಬೀಗರ ಮನೆ ಬಬಲೇಶ್ವರದಲ್ಲಿ. ಮನೆಯಲ್ಲಿ ಸೊಂಟ ನೋವಿನ ಅಜ್ಜಿ, ಕಾರು ಹತ್ತಿದರೆ ವಾಂತಿ ಮಾಡುವ ಏಳು ವರ್ಷದ ಮಗು. ದಿನಕ್ಕೆ ನಲವತ್ತು-ಐವತ್ತು ಕಿ.ಮೀ. ಓಡಾಟ. ಈ ವರ್ಷ ಒಣದ್ರಾಕ್ಷಿಗೆ ಒಳ್ಳೆಯ ಬೆಲೆ ಸಿಕ್ಕಿದೆ, ‘ಸದ್ದಿಲ್ಲದ, ಆರಾಮದ, ದೊಡ್ಡ ಕಾರು’ ತೆಗೆದುಕೊಳ್ಳಬೇಕು ಎಂದು ತೀರ್ಮಾನವಾಗಿದೆ. ಮುಂದೇನು? ಶೋರೂಮಿಗೆ ಹೋಗಿ ಬಾಗಿಲು ಹಾಕಿ ನೋಡುತ್ತಾರೆ. ‘ಧಪ್’ ಎಂದು ಗಂಭೀರವಾಗಿ ಸದ್ದಾಯಿತು. ‘ಗಟ್ಟಿ ಗಾಡಿ’ ಎಂದು ಮುಂಗಡ ಕೊಟ್ಟು ಬರುತ್ತಾರೆ.

ಆ ‘ಧಪ್’ ಸದ್ದನ್ನು ಕಂಪನಿಯ ಎಂಜಿನಿಯರುಗಳು ಬೇಕೆಂದೇ ರೂಪಿಸಿರುತ್ತಾರೆ. ಬಾಗಿಲಿನ ಚಿಲಕ, ಸುತ್ತಲಿನ ರಬ್ಬರ್, ತಗಡಿನ ಒಳಗೆ ಅಂಟಿಸಿದ ಹಾಳೆ, ಇವುಗಳನ್ನು ಹೊಂದಿಸಿ ಕಿವಿಗೆ ಹಿತವಾಗುವ ಸದ್ದು ಬರುವಂತೆ ಮಾಡುತ್ತಾರೆ. ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವಾಗ ಒಳಗೆ ಎಷ್ಟು ಸದ್ದಿರುತ್ತದೆ, ಅಪಘಾತದಲ್ಲಿ ಅದು ಎಷ್ಟು ಗಟ್ಟಿ ಎಂಬುದನ್ನು ಈ ಸದ್ದು ಹೇಳುವುದಿಲ್ಲ. ಹಾಗಾದರೆ ಕಾರಿನ ಶಾಂತಿ, ಆರಾಮ ಎಂದರೆ ನಿಜಕ್ಕೂ ಏನು? ಒಂದೊಂದಾಗಿ ನೋಡೋಣ.

ಗೋಲ ಗುಮ್ಮಟದಿಂದ ಶುರು ಮಾಡೋಣ

ಸದ್ದಿನ ಪಾಠಕ್ಕೆ ವಿಜಯಪುರಕ್ಕಿಂತ ಒಳ್ಳೆಯ ಊರು ಇಲ್ಲ. 1656ರಲ್ಲಿ ಪೂರ್ಣಗೊಂಡ ಗೋಲ ಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಬದಿಯಲ್ಲಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಕೇಳುತ್ತದೆ. ನಡುವಿನ ಅಂತರ ಮೂವತ್ತು ಮೀಟರಿಗೂ ಹೆಚ್ಚು. ಗಟ್ಟಿಯಾದ, ನುಣುಪಾದ, ಬಾಗಿದ ಗೋಡೆ ಸದ್ದನ್ನು ಹೀರಿಕೊಳ್ಳದೆ ತನ್ನ ಮೈಗುಂಟ ಜಾರಿಸಿಕೊಂಡು ಹೋಗುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಪ್ರತಿಧ್ವನಿ ಬರುವುದೂ ಇದೇ ಕಾರಣಕ್ಕೆ.

ಶಾಂತ ಕಾರು ಎಂದರೆ ಗುಮ್ಮಟದ ತದ್ವಿರುದ್ಧ. ಅದರಲ್ಲಿ ಮೂರು ಕೆಲಸ ಆಗಬೇಕು. ಸದ್ದು ಹುಟ್ಟುವುದೇ ಕಡಿಮೆಯಾಗಬೇಕು. ಹುಟ್ಟಿದ್ದು ಒಳಗೆ ಬರದಂತೆ ತಡೆ ಇರಬೇಕು. ಬಂದದ್ದನ್ನು ಮೆತ್ತನೆಯ ಸೀಟು, ಕಾರ್ಪೆಟ್, ಚಾವಣಿಯ ಬಟ್ಟೆ ಹೀರಿಕೊಳ್ಳಬೇಕು. ಇಡೀ ಚಾವಣಿಯೇ ಗಾಜಾಗಿರುವ ಕಾರಿನಲ್ಲಿ ಈ ಮೂರನೆಯ ಕೆಲಸ ಸ್ವಲ್ಪ ಕಷ್ಟ. ಗಾಜೂ ಗುಮ್ಮಟದ ಗೋಡೆಯಂತೆ ಗಟ್ಟಿ, ನುಣುಪು.

ಸದ್ದು ಬರುವುದು ಎಲ್ಲಿಂದ?

ಎಂಜಿನ್, ಟೈರು, ಗಾಳಿ. ಇವೇ ಮೂರು ಮೂಲಗಳು. ನಗರದೊಳಗೆ ನಿಧಾನವಾಗಿ ಹೋಗುವಾಗ ಎಂಜಿನ್ ಸದ್ದು ಮುಂದೆ. 40–50 ಕಿ.ಮೀ. ವೇಗ ದಾಟಿದ ಮೇಲೆ ಟೈರಿನ ಸದ್ದು ಮೇಲುಗೈ ಸಾಧಿಸುತ್ತದೆ. ಹೆದ್ದಾರಿಯಲ್ಲಿ 90–100 ದಾಟಿದರೆ ಗಾಳಿಯ ಸದ್ದು ಸೇರಿಕೊಳ್ಳುತ್ತದೆ. ಗಾಳಿಯ ಸದ್ದಿನ ಶಕ್ತಿ ವೇಗದ ಜೊತೆ ಬಹಳ ಬೇಗ ಏರುತ್ತದೆ. ಸೊಲ್ಲಾಪುರದ ಹೆದ್ದಾರಿಯಲ್ಲಿ 100ರಿಂದ 80ಕ್ಕೆ ಇಳಿದರೆ ಕಾರೊಳಗಿನ ಮಾತು ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಕೇಳುವುದು ಇದರಿಂದಲೇ.

ಇಲ್ಲಿ ಡೆಸಿಬೆಲ್ ಲೆಕ್ಕ ಅರ್ಥ ಮಾಡಿಕೊಳ್ಳಬೇಕು. ಇದು ಕಿಲೋ, ಲೀಟರಿನಂತೆ ನೇರ ಅಳತೆ ಅಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ, ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಕಿವಿಗೆ ‘ಸ್ವಲ್ಪ ಕಡಿಮೆ’ ಅನ್ನಿಸುತ್ತದೆ ಅಷ್ಟೇ. ಹಾಗಾಗಿ ಒಂದೇ ಪ್ರಮಾಣದ ಎರಡು ಸದ್ದಿನಲ್ಲಿ ಒಂದನ್ನು ಪೂರ್ತಿ ನಿಲ್ಲಿಸಿದರೂ ನಮಗೆ ಸಿಗುವುದು ಬರೀ 3 ಡೆಸಿಬೆಲ್ ಲಾಭ.

‘ಎಲೆಕ್ಟ್ರಿಕ್ ಕಾರಿಗೆ ಸದ್ದೇ ಇಲ್ಲ’ ಎಂಬ ನಂಬಿಕೆ ಅರ್ಧ ಸತ್ಯವಾಗುವುದು ಇಲ್ಲೇ. ಗಾಂಧಿ ಚೌಕದ ದಟ್ಟಣೆಯಲ್ಲಿ ಅದು ನಿಜಕ್ಕೂ ಶಾಂತ. ತಿಕೋಟಾ ರಸ್ತೆಯಲ್ಲಿ 80ರ ವೇಗದಲ್ಲಿ ಟೈರು ಮತ್ತು ಗಾಳಿಯ ಸದ್ದು ಅದಕ್ಕೂ ಉಂಟು. ಮರೆಮಾಚಲು ಎಂಜಿನ್ ಸದ್ದು ಇಲ್ಲದ್ದರಿಂದ ಅವು ಇನ್ನಷ್ಟು ಎದ್ದು ಕೇಳುತ್ತವೆ. ಹೈಬ್ರಿಡ್ ಕಾರುಗಳದ್ದೂ ಹೆಚ್ಚುಕಡಿಮೆ ಇದೇ ಕತೆ.

ಇನ್ನು ತಡೆಯುವ ಕೆಲಸ. ದುಬಾರಿ ಕಾರುಗಳಲ್ಲಿ ಎರಡು ಗಾಜಿನ ಪದರಗಳ ನಡುವೆ ತೆಳು ಪ್ಲಾಸ್ಟಿಕ್ ಪದರ ಇಟ್ಟ ‘ಅಕೌಸ್ಟಿಕ್ ಗಾಜು’ ಇರುತ್ತದೆ. ಇದು ಗಾಳಿಯ ಕೀಚಲು ಸದ್ದಿಗೆ ಒಳ್ಳೆಯ ಮದ್ದು. ಆದರೆ ಹಲವು ಕಾರುಗಳಲ್ಲಿ ಇದು ಮುಂದಿನ ಗಾಜು ಮತ್ತು ಮುಂದಿನ ಬಾಗಿಲುಗಳಿಗೆ ಮಾತ್ರ. ಅಜ್ಜಿ ಕೂರುವುದು ಹಿಂದೆ. ಹಿಂದಿನ ಬಾಗಿಲಿಗೂ ಇದೆಯೇ ಎಂದು ಕೇಳಲೇಬೇಕು. ‘ನಾಯ್ಸ್ ಕ್ಯಾನ್ಸಲಿಂಗ್’ ಎಂಬ ವ್ಯವಸ್ಥೆ ಸ್ಪೀಕರುಗಳಿಂದ ವಿರುದ್ಧ ಅಲೆಯನ್ನು ಹೊರಡಿಸಿ ಸದ್ದನ್ನು ತಣಿಸುತ್ತದೆ. ಅದು ಕೆಲಸ ಮಾಡುವುದು ‘ಗುಂಯ್’ ಎನ್ನುವ ಕೆಳ ಕಂಪನಾಂಕದ ಸದ್ದಿಗೆ ಮಾತ್ರ. ಗಾಳಿಯ ಶಿಳ್ಳೆಯನ್ನು ನಿಲ್ಲಿಸಲು ಅದರಿಂದ ಆಗುವುದಿಲ್ಲ.

ದೊಡ್ಡ ಚಕ್ರ, ದೊಡ್ಡ ಆರಾಮ?

ಇದು ಇಂದಿನ ಅತಿ ದೊಡ್ಡ ತಪ್ಪು ಕಲ್ಪನೆ. ಮೇಲಿನ ದರ್ಜೆಯ ಮಾದರಿಯಲ್ಲಿ 20 ಇಂಚಿನ ಚಕ್ರ, ಕೆಳಗಿನದರಲ್ಲಿ 18 ಇಂಚಿನದು. ಹೆಚ್ಚು ಹಣ ಕೊಟ್ಟರೆ ಹೆಚ್ಚು ಆರಾಮ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡೋಣ.

ಟೈರಿನ ಮೇಲೆ 235/60 ಆರ್18 ಎಂದು ಬರೆದಿದ್ದರೆ ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 60, ಅಂದರೆ 141 ಮಿ.ಮೀ. ಅದೇ ಕಾರಿಗೆ 235/50 ಆರ್20 ಹಾಕಿದರೆ ಪಕ್ಕದ ಗೋಡೆ ಸುಮಾರು 118 ಮಿ.ಮೀ. ಎರಡೂ ಟೈರಿನ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ. ಹೆಚ್ಚಾದದ್ದು ಲೋಹ, ಕಡಿಮೆಯಾದದ್ದು ರಬ್ಬರು ಮತ್ತು ಗಾಳಿ. ಗುಂಡಿಗೆ ಬಿದ್ದಾಗ ಪೆಟ್ಟನ್ನು ಮೊದಲು ನುಂಗುವುದು ಆ ರಬ್ಬರು ಮತ್ತು ಗಾಳಿಯೇ. ಅದು 23 ಮಿ.ಮೀ. ಕಡಿಮೆಯಾದರೆ ಪೆಟ್ಟು ಸೀಟಿಗೆ ಬರುತ್ತದೆ, ಸದ್ದು ಕಿವಿಗೆ ಬರುತ್ತದೆ, ಕೆಲವೊಮ್ಮೆ ಚಕ್ರವೇ ಸೀಳುತ್ತದೆ.

ಕೆಲವು ಐಷಾರಾಮಿ ಕಾರುಗಳಲ್ಲಿ ಪಂಕ್ಚರ್ ಆದರೂ ಸ್ವಲ್ಪ ದೂರ ಓಡಬಲ್ಲ ‘ರನ್-ಫ್ಲ್ಯಾಟ್’ ಟೈರು ಇರುತ್ತದೆ. ಗಾಳಿ ಇಲ್ಲದೆಯೂ ತೂಕ ಹೊರಬೇಕಾದ್ದರಿಂದ ಅದರ ಪಕ್ಕದ ಗೋಡೆ ಬಿರುಸು. ಜೊತೆಗೆ ಎಷ್ಟೋ ಕಾರುಗಳಲ್ಲಿ ಪೂರ್ಣ ಅಳತೆಯ ಸ್ಟೆಪ್ನಿಯೇ ಇರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬಬಲೇಶ್ವರದ ಆಚೆ ಟೈರು ಹರಿದರೆ ಆ ಅಳತೆಯ ಟೈರು ಹತ್ತಿರದ ಯಾವ ಅಂಗಡಿಯಲ್ಲಿ ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಮೇಲೆಯೇ ಸಹಿ ಹಾಕಿ.

ಬೇಸಿಗೆಯ ಇನ್ನೊಂದು ನಂಬಿಕೆ: ‘ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಅದಕ್ಕೇ ಟೈರಿಗೆ ಕಡಿಮೆ ಗಾಳಿ ಹಾಕಬೇಕು’. ಹಿಗ್ಗುವುದು ನಿಜ. ತಾಪಮಾನ ಸುಮಾರು 5–6 ಡಿಗ್ರಿ ಏರಿದರೆ ಒತ್ತಡ ಒಂದು ಪಿಎಸ್‌ಐನಷ್ಟು ಏರುತ್ತದೆ. ಆದರೆ ಕಂಪನಿ ಹೇಳಿದ ಒತ್ತಡ ‘ತಣ್ಣಗಿನ ಟೈರಿಗೆ’, ಬಿಸಿಯಾದಾಗ ಏರುವ ಲೆಕ್ಕವೂ ಅದರಲ್ಲಿ ಸೇರಿದೆ. ಗಾಳಿ ಕಡಿಮೆ ಇದ್ದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಇನ್ನೂ ಬಿಸಿಯಾಗಿ, ಸಿಡಿಯುವ ಅಪಾಯ ಹೆಚ್ಚುತ್ತದೆ. ಬೆಳಗ್ಗೆ, ಕಾರು ಓಡುವ ಮೊದಲು, ಬಾಗಿಲ ಚೌಕಟ್ಟಿನ ಮೇಲೆ ಬರೆದಷ್ಟು ಗಾಳಿ ಇರಲಿ. ಏಪ್ರಿಲ್-ಮೇ ತಿಂಗಳಲ್ಲೂ ಇದೇ ನಿಯಮ.

ಎರಿ ಮಣ್ಣಿನ ರಸ್ತೆ ಮತ್ತು ಮಗುವಿನ ವಾಂತಿ

ವಿಜಯಪುರ ಜಿಲ್ಲೆಯ ಬಹುಭಾಗ ಎರಿ ಭೂಮಿ. ಈ ಕಪ್ಪು ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏಳುತ್ತದೆ, ಕೂರುತ್ತದೆ. ಹೀಗಾಗಿ ನಮ್ಮ ರಸ್ತೆಗಳಲ್ಲಿ ಗುಂಡಿಗಳಷ್ಟೇ ಅಲ್ಲ, ಉದ್ದನೆಯ ಅಲೆಗಳೂ ಇರುತ್ತವೆ. ಈ ಎರಡಕ್ಕೂ ಬೇರೆ ಬೇರೆ ಪರಿಹಾರ ಬೇಕು.

ಸ್ಪ್ರಿಂಗಿನ ಮೇಲೆ ಕೂತ ಕಾರಿಗೆ ತನ್ನದೇ ತೂಗಾಟದ ಲಯ ಇರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ರಸ್ತೆಯ ಅಲೆಗಳ ನಡುವೆ 20 ಮೀಟರ್ ಅಂತರ ಇದೆ ಎನ್ನಿ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು ಒಂದು ಅಲೆ. ಕಾರಿನ ಲಯಕ್ಕೆ ರಸ್ತೆಯ ಲಯ ಕೂಡಿತು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ತೂಗಾಟ ಬೆಳೆಯುತ್ತದೆ. ಇದನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಅದು ತೀರಾ ಮೆತ್ತಗಿದ್ದರೆ ಕಾರು ದೋಣಿಯಂತೆ ಏಳುತ್ತಾ ಬೀಳುತ್ತಾ ಹೋಗುತ್ತದೆ.

ಆದ್ದರಿಂದ ‘ಎಷ್ಟು ಮೆತ್ತಗೋ ಅಷ್ಟು ಆರಾಮ’ ಎಂಬುದು ತಪ್ಪು. ಪ್ರಯಾಣದ ವಾಕರಿಕೆಗೆ ಕಾರಣ ಕಣ್ಣು ಹೇಳುವುದಕ್ಕೂ ಒಳಕಿವಿಯ ಸಮತೋಲನ ಅಂಗ ಹೇಳುವುದಕ್ಕೂ ತಾಳೆಯಾಗದಿರುವುದು. ನಿಧಾನದ, ದೊಡ್ಡ ತೂಗಾಟ ಇದನ್ನು ಹೆಚ್ಚಿಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಮಗು ಹಿಂದೆ ಕೂತು ಮೊಬೈಲ್ ನೋಡುತ್ತಿದ್ದರೆ ಕಣ್ಣು ‘ನಾನು ನಿಂತಿದ್ದೇನೆ’ ಅನ್ನುತ್ತದೆ, ಕಿವಿ ‘ತೂಗಾಡುತ್ತಿದ್ದೇನೆ’ ಅನ್ನುತ್ತದೆ. ಮುಂದಿನ ಸೀಟಿನ ಹಿಂಬದಿಗೆ ಟಿವಿ ಪರದೆ ಹಾಕಿಸುವುದು ಇಂಥ ಮಗುವಿಗೆ ಉಡುಗೊರೆಯಲ್ಲ, ಶಿಕ್ಷೆ. ಹೊರಗೆ ಕಾಣುವಂತೆ ದೊಡ್ಡ ಕಿಟಕಿ ಇರುವ ಕಾರು ಮೇಲು.

ಅಜ್ಜಿಯ ಸೊಂಟದ ಸಮಸ್ಯೆ ಬೇರೆ. ಕೂತ ದೇಹಕ್ಕೆ ಅತಿ ಹೆಚ್ಚು ತೊಂದರೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ಮೇಲೆ-ಕೆಳಗಿನ ಕಂಪನ. ಇದು ಸಣ್ಣ ಗುಂಡಿ, ತೇಪೆ ಹಾಕಿದ ರಸ್ತೆ, ಬಿರುಸು ಟೈರುಗಳಿಂದ ಬರುವ ನಡುಕ. ಇದಕ್ಕೆ ಬೇಕಾದದ್ದು ಎತ್ತರದ ಪಕ್ಕದ ಗೋಡೆಯ ಟೈರು, ತೊಡೆಗೆ ಪೂರ್ತಿ ಆಸರೆ ಕೊಡುವ ಸೀಟು.

ಲಾರಿಯಂತೆ ಕೆಳಗೆ ಪ್ರತ್ಯೇಕ ಚೌಕಟ್ಟು ಇರುವ ಕಾರುಗಳು, ಉದಾಹರಣೆಗೆ ಟೊಯೋಟಾ ಫಾರ್ಚುನರ್, ಮಹೀಂದ್ರಾ ಸ್ಕಾರ್ಪಿಯೋ-ಎನ್, ಕಚ್ಚಾ ದಾರಿಗೆ, ಭಾರ ಎಳೆಯಲು ಹೇಳಿಮಾಡಿಸಿದಂಥವು. ಇಡೀ ಮೈಯೇ ಒಂದು ಪೆಟ್ಟಿಗೆಯಂತೆ ಬೆಸೆದ ಮಾನೊಕಾಕ್ ಕಾರುಗಳು, ಉದಾಹರಣೆಗೆ ಇನೋವಾ ಹೈಕ್ರಾಸ್, ಎಕ್ಸ್‌ಯುವಿ700, ಅದಕ್ಕೂ ಮೇಲೆ ಮರ್ಸಿಡಿಸ್ ಜಿಎಲ್‌ಸಿ, ಬಿಎಂಡಬ್ಲ್ಯು ಎಕ್ಸ್3, ಆಡಿ ಕ್ಯೂ5, ವೋಲ್ವೋ ಎಕ್ಸ್‌ಸಿ60, ಡಾಂಬರು ರಸ್ತೆಯಲ್ಲಿ ಸಾಮಾನ್ಯವಾಗಿ ಕಡಿಮೆ ಅಲುಗಾಡುತ್ತವೆ. ವರ್ಷಕ್ಕೆ ನಾಲ್ಕು ಸಲ ತೋಟದ ಕೆಸರಿಗೆ ಇಳಿಯಬೇಕೆಂದು ಉಳಿದ 361 ದಿನ ಸೊಂಟ ನೋಯಿಸಿಕೊಳ್ಳಬೇಕೇ? ನಿಮ್ಮ ಓಡಾಟದ ಲೆಕ್ಕ ಹಾಕಿ ನೀವೇ ನಿರ್ಧರಿಸಿ.

ಬಿಸಿಲೂ ಆರಾಮದ ಭಾಗವೇ

ಬೇಸಿಗೆಯಲ್ಲಿ ವಿಜಯಪುರದ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಹುದು. ಮಗುವನ್ನು ‘ಎರಡು ನಿಮಿಷ’ ಕಾರಿನಲ್ಲಿ ಬಿಟ್ಟು ಹೋಗುವುದು ಪ್ರಾಣಕ್ಕೆ ಅಪಾಯ. ಕಾರು ಎಷ್ಟೇ ದುಬಾರಿಯಿದ್ದರೂ ಈ ಮಾತು ಬದಲಾಗುವುದಿಲ್ಲ.

‘ಗಾಜು ಕಪ್ಪಾದಷ್ಟೂ ತಂಪು’ ಎಂಬುದೂ ಪೂರ್ತಿ ಸರಿಯಲ್ಲ. ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣ. ಅದನ್ನು ತಡೆಯುವ ಗಾಜು ತಿಳಿಯಾಗಿಯೇ ಇರಬಹುದು. ನಿಯಮದ ಪ್ರಕಾರ ಮುಂದಿನ-ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಹಾಯಬೇಕು. ಹಿಂದಿನ ಸಾಲಿಗೆ ಪ್ರತ್ಯೇಕ ಎ.ಸಿ. ಕಿಂಡಿ, ಗಾಳಿಯಾಡುವ ಸೀಟು, ತಿಳಿ ಬಣ್ಣ, ಇವು ನಮ್ಮ ಊರಿಗೆ ನಿಜವಾದ ಐಷಾರಾಮ. ಇಡೀ ಚಾವಣಿ ಗಾಜಿದ್ದರೆ ದಪ್ಪ ಪರದೆ ಇದೆಯೇ ನೋಡಿ. ಎ.ಸಿ. ಫ್ಯಾನು ಸದಾ ಜೋರಾಗಿ ತಿರುಗಬೇಕಾದರೆ ಅದೇ ಒಂದು ಸದ್ದು.

ದೊಡ್ಡ ಕಾರು, ಹೆಚ್ಚು ಸ್ಟಾರು: ಅಲ್ಲಿಗೆ ಸುರಕ್ಷಿತವೇ?

2023ರ ಅಕ್ಟೋಬರ್ 1ರಿಂದ ನಮ್ಮಲ್ಲಿ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಯಲ್ಲಿದೆ. ಮುಂಭಾಗದ ಡಿಕ್ಕಿಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಪಕ್ಕದ ಡಿಕ್ಕಿಯನ್ನು 50 ಕಿ.ಮೀ. ವೇಗದಲ್ಲಿ ಪರೀಕ್ಷಿಸುತ್ತಾರೆ. ಐದು ಸ್ಟಾರ್ ಇದ್ದರೆ ಖಂಡಿತ ಒಳ್ಳೆಯದು. ಆದರೆ ಆ ಸ್ಟಾರುಗಳ ಮಾತು ಈ ವೇಗಗಳಿಗೆ, ಬೆಲ್ಟ್ ಹಾಕಿದ ಗೊಂಬೆಗಳಿಗೆ ಸಂಬಂಧಿಸಿದ್ದು. 64ರ ಬದಲು 100ರ ವೇಗದಲ್ಲಿ ಅದೇ ಕಾರಿನ ಚಲನಶಕ್ತಿ ಸುಮಾರು ಎರಡೂವರೆ ಪಟ್ಟು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡರು. ಅದೂ ಐಷಾರಾಮಿ ಎಸ್‌ಯುವಿಯೇ. ಮುಂದೆ ಕೂತ ಇಬ್ಬರೂ ಬದುಕುಳಿದರು, ಹಿಂದೆ ಕೂತ ಇಬ್ಬರೂ ಉಳಿಯಲಿಲ್ಲ. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ ಎಂಬುದು ಅಷ್ಟು ಹೊತ್ತಿಗಾಗಲೇ ಕಾನೂನಿನಲ್ಲಿತ್ತು.

ಇನ್ನೊಂದು ಘಟನೆ ನಮ್ಮ ಭಾಗದವರಿಗೆ ಇನ್ನೂ ಹಸಿ ಗಾಯ. 2024ರ ಡಿಸೆಂಬರ್ 21ರಂದು ನೆಲಮಂಗಲ ಸಮೀಪ ಕಂಟೇನರ್ ಲಾರಿಯೊಂದು ರಸ್ತೆ ವಿಭಜಕ ದಾಟಿ ಬಂದು ಕಾರಿನ ಮೇಲೆ ಮಗುಚಿತು. ಬೆಂಗಳೂರಿನಿಂದ ಈ ಕಡೆಯ ತಮ್ಮ ಊರಿಗೆ ಹೊರಟಿದ್ದ ಒಂದೇ ಕುಟುಂಬದ ಆರು ಮಂದಿ ಅದರಡಿ ಸಿಕ್ಕಿ ಸತ್ತರು. ಸುರಕ್ಷತೆಗೇ ಹೆಸರಾದ ಕಂಪನಿಯ ದೊಡ್ಡ ಎಸ್‌ಯುವಿ ಅದು. ಅವರ ತಪ್ಪೇನೂ ಇರಲಿಲ್ಲ. ಆಗ ಹಲವರು ‘ಅಷ್ಟು ದುಡ್ಡು ಕೊಟ್ಟು ಏನು ಬಂತು?’ ಎಂದು ಕೇಳಿದರು. ಈ ಪ್ರಶ್ನೆ ಸರಿಯಲ್ಲ. ಎಷ್ಟೋ ಪಟ್ಟು ತೂಕದ ವಾಹನ ಮೇಲಿಂದ ಬೀಳುವುದನ್ನು ತಡೆಯಲು ಯಾವ ಕುಟುಂಬದ ಕಾರನ್ನೂ ಕಟ್ಟಿರುವುದಿಲ್ಲ. ಹಾಗೆಂದು ಸುರಕ್ಷತಾ ಸಾಧನ ದಂಡ ಎಂದಲ್ಲ. ದಿನನಿತ್ಯದ ಬಹುಪಾಲು ಅಪಘಾತಗಳಲ್ಲಿ ಜೀವ ಉಳಿಸುವುದು ಅವೇ. ಆದರೆ ಕಾರೊಂದೇ ರಕ್ಷಣೆಯಲ್ಲ. ರಸ್ತೆ, ಲಾರಿ, ವೇಗ ಎಲ್ಲವೂ ಸರಿಯಿರಬೇಕು.

ಶಾಂತ ಕಾರಿನ ಒಂದು ಅಪಾಯ

ಜಾಹೀರಾತಿನಲ್ಲಿ ಬರೆಯದ ಮಾತೊಂದಿದೆ. ನಾವು ವೇಗವನ್ನು ಅಂದಾಜು ಮಾಡುವುದು ಕಣ್ಣಿನಿಂದ ಮಾತ್ರವಲ್ಲ, ಕಿವಿಯಿಂದಲೂ. ಹಳೆಯ ಜೀಪು 70 ದಾಟಿದರೆ ಗಡಗಡ ಎಂದು ತಾನೇ ಎಚ್ಚರಿಸುತ್ತಿತ್ತು. ಶಾಂತ ಕಾರಿನಲ್ಲಿ ಆ ಎಚ್ಚರಿಕೆ ಇಲ್ಲ. 80 ಎಂದುಕೊಂಡಿದ್ದು ನೋಡಿದರೆ 105 ಇರುತ್ತದೆ. ಎತ್ತರದ ಸೀಟಿನಿಂದ ನೆಲ ದೂರ ಕಾಣುವುದರಿಂದ ವೇಗ ಇನ್ನೂ ಕಡಿಮೆ ಅನಿಸುತ್ತದೆ.

ಇದನ್ನು ನಮ್ಮ ರಸ್ತೆಗೆ ಹೊಂದಿಸಿ ನೋಡಿ. ಕಬ್ಬಿನ ಹಂಗಾಮು, ರಾತ್ರಿ ಎಂಟು ಗಂಟೆ. ಮುಂದೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಚಾಲಕ ಗಮನಿಸಿ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತು ಎನ್ನೋಣ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನ ಕಾರು 80ರ ವೇಗದಿಂದ ಪೂರ್ತಿ ನಿಲ್ಲಲು ಒಟ್ಟು 70 ಮೀಟರಿನಷ್ಟು ಬೇಕು, 100ರ ವೇಗದಿಂದ 95 ಮೀಟರಿಗೂ ಹೆಚ್ಚು. ಕೆಳಮುಖದ ಹೆಡ್‌ಲೈಟ್ ಚೆನ್ನಾಗಿ ತೋರಿಸುವುದು 50–60 ಮೀಟರ್. ಲೆಕ್ಕ ತಾಳೆಯಾಗುವುದಿಲ್ಲ. ಕಾರು ಎಷ್ಟು ಶಾಂತವೋ ಸ್ಪೀಡೋಮೀಟರಿನ ಮೇಲೆ ಅಷ್ಟು ಹೆಚ್ಚು ಕಣ್ಣಿರಬೇಕು. ಗಾಜಿನ ಮೇಲೆಯೇ ವೇಗ ತೋರಿಸುವ ಪರದೆ, ಮಿತಿ ದಾಟಿದರೆ ಕೂಗುವ ಎಚ್ಚರಿಕೆ, ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಇರುವ ಮಾದರಿಗೆ ಹೆಚ್ಚು ಹಣ ಕೊಟ್ಟರೆ ವ್ಯರ್ಥವಲ್ಲ.

ಟೆಸ್ಟ್ ಡ್ರೈವ್ ಹೀಗೆ ಮಾಡಿ

ಶೋರೂಮಿನ ಸುತ್ತ ಎರಡು ಕಿ.ಮೀ. ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ನೀವು ದಿನಾ ಓಡಾಡುವ ತಿಕೋಟಾ ಅಥವಾ ಬಬಲೇಶ್ವರ ರಸ್ತೆಗೇ ಒಯ್ಯಲು ಕೇಳಿ. ಮನೆಯವರೆಲ್ಲ ಬರಲಿ.

• ಕೊಳ್ಳುವವರು ಅರ್ಧ ದಾರಿ ಹಿಂದಿನ ಸೀಟಿನಲ್ಲಿ ಕೂರಲಿ. ಅಜ್ಜಿ ತಾವೇ ಹತ್ತಿ ಇಳಿದು ನೋಡಲಿ. ಮೆಟ್ಟಿಲು ತೀರಾ ಎತ್ತರವಾದರೆ ಉಳಿದದ್ದೆಲ್ಲ ಅನಂತರದ ಮಾತು.

• 40, 60, 80ರ ವೇಗದಲ್ಲಿ ಒಂದೊಂದು ನಿಮಿಷ ರೇಡಿಯೋ, ಎ.ಸಿ. ಎರಡನ್ನೂ ಬಂದ್ ಮಾಡಿ. ಮುಂದಿನವರು ಸಹಜ ದನಿಯಲ್ಲಿ ಆಡಿದ ಮಾತು ಹಿಂದಿನವರಿಗೆ ಕೇಳಬೇಕು.

• ಮೊಬೈಲಿನ ಡೆಸಿಬೆಲ್ ಆ್ಯಪ್ ನಿಖರವಲ್ಲ. ಒಂದೇ ಫೋನು, ಒಂದೇ ಜಾಗ, ಒಂದೇ ರಸ್ತೆ, ಒಂದೇ ವೇಗ ಇದ್ದರೆ ಎರಡು ಕಾರುಗಳ ಹೋಲಿಕೆಗೆ ಸಾಕು. ಆದರೆ ತಲೆನೋವು ತರುವ ‘ಗುಂಯ್’ ಸದ್ದನ್ನು ಅದು ಕಡಿಮೆ ತೋರಿಸುತ್ತದೆ, ಅದಕ್ಕೆ ನಿಮ್ಮ ಕಿವಿಯೇ ಸಾಕ್ಷಿ.

• ನೀವು ಕೊಳ್ಳುವ ಮಾದರಿಯ ಚಕ್ರದ ಅಳತೆಯೇ ಆ ಕಾರಿಗೂ ಇದೆಯೇ ನೋಡಿ.

• ಮಕ್ಕಳ ಸೀಟು ಬಿಗಿಯುವ ಐಸೊಫಿಕ್ಸ್ ಕೊಂಡಿ, ಹಿಂದಿನ ನಡುವಿನ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇವೆಯೇ ಪರೀಕ್ಷಿಸಿ.

• ಆ ಕಂಪನಿಯ ಸರ್ವಿಸ್ ಸೆಂಟರ್ ಎಲ್ಲಿದೆ ಕೇಳಿ. ಸೊಲ್ಲಾಪುರ ನಮಗೆ ಸುಮಾರು 100 ಕಿ.ಮೀ., ಹುಬ್ಬಳ್ಳಿ ಸುಮಾರು 200. ವರ್ಷಕ್ಕೆ ಎರಡು ಸಲ ಹೋಗಿ ಬರುವ ದಿನವನ್ನೂ ಬೆಲೆಗೆ ಸೇರಿಸಿ.

ದುಡ್ಡಿನ ಮಾತು ಚಿಕ್ಕದಾಗಿ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್-ಡೀಸೆಲ್ ಕಾರುಗಳ ಮೇಲೆ ಶೇ. 40 ಜಿಎಸ್‌ಟಿ, ಎಲೆಕ್ಟ್ರಿಕ್ ಕಾರಿಗೆ ಶೇ. 5. ದಿನಕ್ಕೆ ಐವತ್ತು ಕಿ.ಮೀ. ಓಡಿಸುವ, ಮನೆಯಲ್ಲೇ ಚಾರ್ಜ್ ಮಾಡಬಲ್ಲ ಕುಟುಂಬಕ್ಕೆ ಈ ವ್ಯತ್ಯಾಸ ದೊಡ್ಡದು.

ನಮ್ಮ ಕಲ್ಪನೆಯ ಕುಟುಂಬಕ್ಕೆ ನಾವು ಹೇಳುವುದಿಷ್ಟು. ಮೇಲಿನ ದರ್ಜೆಯ ಹೊಳೆಯುವ ಚಕ್ರಕ್ಕಿಂತ ಒಂದು ದರ್ಜೆ ಕೆಳಗಿನ ದಪ್ಪ ಟೈರು ತೆಗೆದುಕೊಳ್ಳಿ. ಉಳಿದ ಹಣದಲ್ಲಿ ಮಗುವಿಗೆ ಒಳ್ಳೆಯ ಸೀಟು, ಪೂರ್ಣ ಅಳತೆಯ ಸ್ಟೆಪ್ನಿ ಕೊಳ್ಳಿ. ಅಜ್ಜಿಗೂ ಬೆಲ್ಟ್ ಹಾಕಿಸಿ. ಇನ್ನೂ ಸ್ವಲ್ಪ ಉಳಿದರೆ ನಿಮ್ಮ ತೋಟದ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ. ರಾತ್ರಿ ಅದರ ಹಿಂದೆ ಬರುವ ಕಾರಿನಲ್ಲೂ ಒಂದು ಕುಟುಂಬ ಇರುತ್ತದೆ.